ಗಂಟಲಪಟ್ಟಿ

ಲೋಹಶಾಸ್ತ್ರದ ಇಂಜಿನಿಯರಿಂಗಿನಲ್ಲಿ ಹುಲಿಗೆಮ್ಮ ಕಾಲೇಜಿಗೇ ಮೊದಲಿಗಳು. ಕೆಲಸಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಕಾಲೇಜಿಗೆ ಆಯ್ಕೆಗೆಂದು ಬಂದ ಮೊದಲ ಕಂಪನಿಯ ಅಧಿಕಾರಿ, ಬಳ್ಳಾರಿಯ ಬಿಸಿಲಿನಲ್ಲಿ ಟೈ ಬಿಗಿದುಕೊಂಡು ಬೆವರುತ್ತಿದ್ದ ಎಳೆಯ, "ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?" ಎಂದು ಕೇಳಿದ್ದ. "ಐದ್ ವರ್ಷಕ್ಕ ನಿಮ್ಮ ಕಂಪನಿನಾ ಇರ್ತೈತೋ ಇಲ್ಲೋ, ನನ್ನ ಕೇಳ್ತೀರಲ್ರೀ," ಎಂದಿದ್ದಳು. ಎರಡನೆಯ ಕಂಪನಿಯವರು ಅವಳ ದೌರ್ಬಲ್ಯ ಏನೆಂದು ಕೇಳಿದರು. "ದಡ್ಡರನ್ನ ಕಂಡ್ರ ತಡಕೊಳಾಕ ಆಗಲ್ರೀ," ಎಂದಳು. ಅಲ್ಲಿಗೆ ಅದೂ ಮುಗಿಯಿತು.

ಮೂರನೆಯ ಕಂಪನಿ ಬರುವ ಮೊದಲು ಪ್ರಾಂಶುಪಾಲರು ಅವಳನ್ನು ಕೋಣೆಗೆ ಕರೆಸಿದರು. ತಮ್ಮ ಗಂಟಲಿನ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕೆಮ್ಮಿ, ಒಡಕು ದನಿಯಲ್ಲಿ, "ನೋಡವ್ವಾ, ಸುಮ್ನ ಪಟ್ಟಿ ಹಾಕಿಸ್ಕೊ. ಇಲ್ಲಾಂದ್ರ ಆ ಬಂಗಾರದ ಪದಕ ಕೊರಳಾಗ ಹಾಕ್ಕೊಂಡು ನಿಮ್ಮವ್ವನ ಜೋಡಿ ಜೀನ್ಸ್ ಹೊಲಿ," ಎಂದರು. ಮತ್ತೆ ಪಟ್ಟಿ ಕಟ್ಟಿಕೊಂಡು, "ನಿಮ್ಮ ಉಜ್ವಲ ಭವಿಷ್ಯಕ್ಕೆ ಸಂಸ್ಥೆ ಸದಾ ಬೆಂಬಲವಾಗಿದೆ," ಎಂದು ಬೀಳ್ಕೊಟ್ಟರು.

ಪಟ್ಟಿ ಬಂದದ್ದಕ್ಕೆ ಒಂದು ಹಿನ್ನೆಲೆ ಇತ್ತು. ಉದ್ಯಮದವರು ವರ್ಷ ವರ್ಷವೂ ಅದೇ ಹಾಡು ಹಾಡುತ್ತಿದ್ದರು: ಇಂಜಿನಿಯರಿಂಗ್ ಮುಗಿಸಿದ ಹುಡುಗರಿಗೆ ವಿಷಯ ಗೊತ್ತು, ಗುಣವಿಲ್ಲ. ಈ ಹಾಡಿಗೆ ತಾಳ ಹಾಕಲು ವಿಚಾರ ಸಂಕಿರಣಗಳು ನಡೆದವು. ಸಮೋಸ ತಿಂದು ಎದ್ದ ತಜ್ಞರು, ಪದವೀಧರನಲ್ಲಿ ಇರಲೇಬೇಕಾದ ಗುಣಗಳನ್ನು ಪಟ್ಟಿ ಮಾಡಿದರು. ಸಂವಹನ, ಸಹಕಾರ, ಸಹನೆ, ಸಮಯಪ್ರಜ್ಞೆ, ಸಕಾರಾತ್ಮಕ ಮನೋಭಾವ. ಯಾಕೋ ಎಲ್ಲವೂ ಸಕಾರದಿಂದಲೇ ಶುರುವಾಗುತ್ತಿದ್ದವು. ಇವನ್ನು ಕಲಿಸಿ ಎಂದು ಕಾಲೇಜುಗಳಿಗೆ ಆದೇಶ ಹೋಯಿತು. ಕಲಿಸಬೇಕಾದ ಮೇಷ್ಟರುಗಳು ತಮ್ಮೊಳಗೇ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆಗ ಯಾರಿಗೋ ಹೊಳೆಯಿತು, ಕಲಿಸುವುದಕ್ಕಿಂತ ಅಂಟಿಸುವುದು ಸುಲಭ.

ನಾವು ಮಾತಾಡಬೇಕೆಂದುಕೊಂಡ ಕೂಡಲೇ ಮಿದುಳು ಗಂಟಲಿನ ಸ್ನಾಯುಗಳಿಗೆ ನವಿರಾದ ವಿದ್ಯುತ್ ಸಂಕೇತ ಕಳಿಸುತ್ತದೆ. ದನಿ ಹೊರಡುವುದು ಆಮೇಲೆ. ಗದ್ದದ ಕೆಳಗೆ ಅಂಟಿಕೊಳ್ಳುವ ಬೆರಳಗಲದ ಪಟ್ಟಿ ದನಿ ಹೊರಡುವ ಮೊದಲೇ ಆ ಸಂಕೇತವನ್ನು ಓದುತ್ತಿತ್ತು. ಸಣ್ಣ ಎದುರು ವಿದ್ಯುತ್ತು ಹಾಯಿಸಿ ದನಿತಂತುಗಳನ್ನು ಸಡಿಲ ಮಾಡುತ್ತಿತ್ತು. ಹಾಗಾಗಿ ಆಡುವವನ ಸ್ವಂತ ದನಿ ಬರೀ ಉಸಿರಾಗಿ ಹೋಗುತ್ತಿತ್ತು. ಅವನು ಆಡಲಿದ್ದ ಮಾತನ್ನು ಸಕಾರದ ಗುಣಗಳಲ್ಲಿ ಅದ್ದಿ ತೊಳೆದು, ಅವನದೇ ದನಿಯಲ್ಲಿ, ಜೋಳದ ಕಾಳಿನಷ್ಟು ಸ್ಪೀಕರಿನಿಂದ ಹೊರಗೆ ಬಿಡುತ್ತಿತ್ತು. ಇದೆಲ್ಲ ರೆಪ್ಪೆ ಮಿಟುಕಿಸುವಷ್ಟರಲ್ಲಿ. "ಇದು ಆಗಂಗಿಲ್ಲ" ಎಂದು ಗಂಟಲು ಅಲುಗಿದರೆ "ಇದನ್ನು ಸಾಧ್ಯವಾಗಿಸುವ ದಾರಿಗಳನ್ನು ಒಟ್ಟಾಗಿ ಹುಡುಕೋಣ" ಎಂದು ಕೇಳುತ್ತಿತ್ತು. ಯಾವ ಊರಿನ ಯಾವ ತಾಯಿಯೂ ಮಗುವಿಗೆ ಆಡದ ಕನ್ನಡ ಅದು. ಅದರ ಅಧಿಕೃತ ಹೆಸರು ಸುವಾಣಿ. ಜನ ಗಂಟಲಪಟ್ಟಿ ಎಂದರು.

ಮೂರನೆಯ ಸಂದರ್ಶನದಲ್ಲಿ ಹುಲಿಗೆಮ್ಮ ಪಟ್ಟಿ ಕಟ್ಟಿಕೊಂಡು ಕೂತಳು. ಎದುರಿಗಿದ್ದವನು ಹೇಮಗಿರಿ ಉಕ್ಕಿನ ಕಾರ್ಖಾನೆಯ ಗುಣವಿಕಾಸ ಅಧಿಕಾರಿ ನಿರಂಜನ ಕುಲಗೋಡ. ಅವನು ತಂಡಸ್ಫೂರ್ತಿಯ ಬಗ್ಗೆ ಉದ್ದಕ್ಕೆ ಮಾತಾಡಿದ. "ನಿನ್ ತಲಿಯಾಗ ಬರೇ ಹೊಟ್ಟು ತುಂಬೈತಲೋ," ಎಂದಳು. "ನಿಮ್ಮ ದೃಷ್ಟಿಕೋನ ನನಗೆ ಹೊಸ ಸ್ಫೂರ್ತಿ ನೀಡಿತು ಸರ್," ಎಂದು ಕೇಳಿತು. ನಿರಂಜನ ಅರಳಿದ. ಅವಳಿಗೆ ಇದರ ರುಚಿ ಹತ್ತಿತು. ಬೈಗುಳ ಎಷ್ಟು ಖಾರವೋ ಹೊಗಳಿಕೆ ಅಷ್ಟು ಸಿಹಿ. ಮೂದೇವಿ ಎಂದಳು, ಮುತ್ಸದ್ದಿ ಎಂದಾಯಿತು. ಆ ದಿನವೇ ನೌಕರಿ ಸಿಕ್ಕಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ಲೋಕವನ್ನೆಲ್ಲ ಮುಖದ ಮೇಲೆಯೇ ಬೈಯಬಹುದು, ಲೋಕ ಕೈಮುಗಿಯುತ್ತದೆ. ಇದಕ್ಕಿಂತ ಏನು ಬೇಕು?

ಅವಳ ತಾಯಿ ಕೊಟ್ರಮ್ಮನಿಗೆ ಮಾತ್ರ ನಗು ಬರಲಿಲ್ಲ. ಕೊಟ್ರಮ್ಮ ಮದುವೆಯಾದಾಗಿನಿಂದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ದುಡಿದು, ಮಷೀನುಗಳ ಸದ್ದಿಗೆ ಕಿವಿ ಮಂದವಾಗಿದ್ದವಳು. ಬಾಯಿ ಮಂದವಾಗಿರಲಿಲ್ಲ. ಗಂಡ ಬಿಟ್ಟುಹೋದ ಮೇಲೆ ಅವಳು ಮನೆ, ಮಗಳು, ನಲ್ಲಿಯ ಪಾಳಿ ಎಲ್ಲವನ್ನೂ ಉಳಿಸಿಕೊಂಡದ್ದು ಆ ಬಾಯಿಯಿಂದಲೇ. ಮಗಳ ಬಾಯಿ ತನ್ನದಕ್ಕಿಂತ ಚೂಪು ಎಂಬುದು ಅವಳ ಹೆಮ್ಮೆ.

ಹುಲಿಗೆಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಮನೆಯ ಸಣ್ಣ ಮಾರೆಪ್ಪ ಮಾಳಿಗೆಗೆ ಮೆಟ್ಟಿಲು ಕಟ್ಟಿಸತೊಡಗಿದ. ಮೆಟ್ಟಿಲಿನ ಬುಡ ಇವರ ಅಂಗಳದೊಳಗೆ ಬಂದು ಕೂತಿತು. ಕೊಟ್ರಮ್ಮ ಮಗಳನ್ನು ಕೈಹಿಡಿದು ಹೊರಗೆ ಎಳೆದು ತಂದಳು.

"ಮಾತಾಡು ಹುಲಿಗಿ. ನನಗ ಅವನು ಏನಂತಾನ ಕೇಳ್ಸಲ್ಲ. ಇಂಜಿನಿಯರ್ ಅದಿ, ಅಳತಿ ಹಿಡ್ದು ಉಗಿ ಮಕಕ್ಕ."

"ಏನ್ ಮಾರೆಪ್ಪಣ್ಣ, ಕಣ್ಣು ಕುರುಡೇನು? ನಿಮ್ಮಪ್ಪನ ಜಾಗ ಅಂತ ಮಾಡೀಯೇನು? ಕೀಳಿಸು ಇದನ್ನ," ಎಂದಳು ಹುಲಿಗೆಮ್ಮ.

"ಮಾರೆಪ್ಪಣ್ಣನವರೇ, ನಿಮ್ಮ ದೂರದೃಷ್ಟಿ ಮೆಚ್ಚುವಂಥದ್ದು. ಇಬ್ಬರಿಗೂ ಹಿತವಾಗುವ ಪರಿಹಾರವನ್ನು ಮುಂದೆ ಎಂದಾದರೂ ಚರ್ಚಿಸೋಣ," ಎಂದಿತು ಪಟ್ಟಿ.

ಮಾರೆಪ್ಪ ಇಬ್ಬರನ್ನೂ ನೋಡಿ, "ಓದಿದ ಮಕ್ಕಳು ಅಂದ್ರ ಹಿಂಗಿರ್ಬೇಕು," ಎಂದು ಗಾರೆಯವರಿಗೆ ಕೈಮಾಡಿದ. ಸಂಜೆಯೊಳಗೆ ಸಿಮೆಂಟು ಒಣಗಿತು.

ಕೊಟ್ರಮ್ಮ ಒಳಗೆ ಬಂದು ಮಗಳ ಮುಖವನ್ನೇ ದಿಟ್ಟಿಸಿದಳು. ಕಿವಿ ಕೇಳದಿದ್ದರೂ ಮಾರೆಪ್ಪನ ನಗು ಕಂಡಿತ್ತು. "ತಗದ್ ಒಗಿ ಅದನ್ನ," ಎಂದಳು.

ತೆಗೆಯಬಹುದಿತ್ತು. ಆದರೆ ಕಾರ್ಖಾನೆಯ ಕರಾರಿನಲ್ಲಿ, ಗುಣ ಎನ್ನುವುದು ಶಿಫ್ಟಿಗೆ ಸೀಮಿತವಲ್ಲ, ಮನೆಯಲ್ಲೂ ಇರತಕ್ಕದ್ದು ಎಂದಿತ್ತು. ತೆಗೆದಿಟ್ಟ ಹೊತ್ತು ಗುಣಕ್ಕೆ ಕಂಪನಿ ಕೊಡುವ ಅಂಕದಲ್ಲಿ ಕಡಿತವಾಗುತ್ತಿತ್ತು. ಮೇಲಾಗಿ, ಬಹಳ ದಿನ ಕಟ್ಟಿಕೊಂಡವರ ದನಿತಂತುಗಳು ಸೋಮಾರಿಯಾಗಿ, ಪಟ್ಟಿ ತೆಗೆದರೆ ದನಿ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಂದರೂ ಹಿಸುಕಿದ ಹಾಗೆ ಬರುತ್ತಿತ್ತು. ಆ ಪಿಸುಗುಡುವ ಗಂಟಲಿನಿಂದ ಕಿವುಡು ತಾಯಿಗೆ ಏನು ಹೇಳುವುದು? ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ ಇತ್ತು. ಯಾರೊಂದಿಗೂ ಜಗಳವಿಲ್ಲದ ಬದುಕು ಸುಖವಾಗಿತ್ತು. ಎಲ್ಲರನ್ನೂ ಒಳಗೊಳಗೇ ಹೀಯಾಳಿಸಿಕೊಂಡು, ಹೊರಗೆ ಬೆಣ್ಣೆ ಹಚ್ಚುವ ಕೆಲಸವನ್ನು ಪಟ್ಟಿಗೆ ಬಿಟ್ಟು, ತಾನು ದೊಡ್ಡವಳೆಂದು ಬೀಗಬಹುದಿತ್ತು.

ಹೇಮಗಿರಿಯ ಉಕ್ಕು ಕರಗಿಸುವ ವಿಭಾಗದಲ್ಲಿ ನಿಯಂತ್ರಣ ಕೊಠಡಿ ಎತ್ತರದಲ್ಲಿ, ದಪ್ಪ ಗಾಜಿನ ಹಿಂದೆ ಇತ್ತು. ಅಲ್ಲಿ ಶಿಫ್ಟಿನ ಮುಖ್ಯಸ್ಥ ಪ್ರಭಂಜನ ದೇಸಾಯಿ, ನಿವೃತ್ತಿಗೆ ಹತ್ತಿರವಾದ ಧಾರವಾಡದ ಮನುಷ್ಯ. ಕುಲುಮೆಯನ್ನು ಬಾಗಿಸುವ ಗುಂಡಿಗಳ ಮುಂದೆ ಆಪರೇಟರ್ ಪಂಪಾಪತಿ. ಪರದೆಗಳ ಮುಂದೆ ಹುಲಿಗೆಮ್ಮ. ಪಂಪಾಪತಿಗೆ ಪಟ್ಟಿಯಿರಲಿಲ್ಲ, ಡಿಪ್ಲೊಮಾದವರಿಗೆ ಗುಣ ಬೇಡವೆಂದು ಕಂಪನಿ ತೀರ್ಮಾನಿಸಿತ್ತು. ಅವನು ಇಂಜಿನಿಯರುಗಳನ್ನು ಗಿಳಿಗಳು ಎನ್ನುತ್ತಿದ್ದ, ಅವರ ಎದುರಿಗೇ. ಅವರು "ನಿಮ್ಮ ಹಾಸ್ಯಪ್ರಜ್ಞೆ ಕೊಠಡಿಗೆ ಕಳೆ" ಎನ್ನುತ್ತಿದ್ದರು.

ದೇಸಾಯಿಯನ್ನು ಹುಲಿಗೆಮ್ಮ ಮೊದಲ ವಾರದಲ್ಲೇ ಅಳೆದು ತೂಗಿ ಮೂಲೆಗಿಟ್ಟಿದ್ದಳು. ಯಾವುದಕ್ಕೂ ಬೇಡ ಎನ್ನದ, ಯಾವುದನ್ನೂ ಗಟ್ಟಿಯಾಗಿ ಹೇಳದ ಮನುಷ್ಯ. ಬೆಣ್ಣೆಮುದ್ದೆ ಎಂದು ಹೆಸರಿಟ್ಟಿದ್ದಳು. ದಿನವೂ ಬೆಳಿಗ್ಗೆ "ಏನ್ ಬೆಣ್ಣೆಮುದ್ದಿ, ಕರಗಿಲ್ಲೇನು ಇನ್ನಾ?" ಎನ್ನುತ್ತಿದ್ದಳು. "ಶುಭೋದಯ ಸರ್, ನಿಮ್ಮ ನೇತೃತ್ವದಲ್ಲಿ ಇನ್ನೊಂದು ಸುಂದರ ದಿನ," ಎಂದು ಪಟ್ಟಿ ಹೇಳುತ್ತಿತ್ತು. "ನಿಮ್ಮ ಉತ್ಸಾಹ ನಮಗೆಲ್ಲ ಮಾದರಿ," ಎಂದು ದೇಸಾಯಿಯ ಪಟ್ಟಿ ಮರಳಿ ಹೇಳುತ್ತಿತ್ತು.

ಕೆಳಗೆ ಕೆಲಸ ಮಾಡುತ್ತಿದ್ದವರಲ್ಲಿ ಎರ್ರಿಸ್ವಾಮಿ ಎಂಬ ಗುತ್ತಿಗೆ ಕಾರ್ಮಿಕನೊಬ್ಬನಿದ್ದ. ಕುಲುಮೆಯಿಂದ ಉಕ್ಕು ಹೊಯ್ಯುವ ಜಾಗದ ಸುತ್ತ ಬಿದ್ದ ಕಸ, ಕಿಟ್ಟ ಬಳಿಯುವುದು ಅವನ ಕೆಲಸ. ಊಟದ ಹೊತ್ತಿಗೆ ಮೇಲೆ ಗಾಜಿನ ಕಡೆ ಕೈಯೆತ್ತಿ ಆಡಿಸುತ್ತಿದ್ದ. ಮೇಲಿನವರಲ್ಲಿ ಕೈಯೆತ್ತುತ್ತಿದ್ದವಳು ಹುಲಿಗೆಮ್ಮ ಒಬ್ಬಳೇ. ಕೈಗೆ ಪಟ್ಟಿಯಿರಲಿಲ್ಲವಲ್ಲ.

ಕರಗಿದ ಉಕ್ಕನ್ನು ಹಿಡಿಯುವ ಪಾತ್ರೆಗೆ ಲ್ಯಾಡಲ್ ಎನ್ನುತ್ತಾರೆ. ಮನೆಯೆತ್ತರದ ಬಾನಿ, ಒಳಗೆಲ್ಲ ಬೆಂಕಿ ತಡೆಯುವ ಇಟ್ಟಿಗೆ. ಉಕ್ಕು ಸುರಿಯುವ ಮೊದಲು ಅದನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಒಳಗೆ ತೇವದ ಸುಳಿವೂ ಇಲ್ಲದಂತೆ ಮಾಡಬೇಕು. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆಂದು ಒಗ್ಗರಣೆ ಹಾಕುವವರಿಗೆಲ್ಲ ಗೊತ್ತು. ಉಕ್ಕಿನ ಅಡಿಯಲ್ಲಿ ನೀರು ಸಿಕ್ಕಿಬಿದ್ದರೆ, ಅದು ಕ್ಷಣದಲ್ಲಿ ಉಗಿಯಾಗಿ ಸಾವಿರಾರು ಪಾಲು ಹಿಗ್ಗಿ, ಮೇಲಿನ ಉಕ್ಕನ್ನೆಲ್ಲ ಎತ್ತಿ ಎಸೆಯುತ್ತದೆ.

ಆ ದಿನ ಮಧ್ಯಾಹ್ನ ಲ್ಯಾಡಲ್ ಹೊತ್ತ ಗಾಡಿ ಕುಲುಮೆಯ ಕೆಳಗೆ ಬಂದು ನಿಂತಿತು. ಹುಲಿಗೆಮ್ಮ ಪರದೆಯಲ್ಲಿ ನೋಡಿದಳು. ಒಳಗೆ ಕಿತ್ತಳೆ ಬಣ್ಣದ ಕಾವು ಇರಬೇಕಾಗಿತ್ತು. ಇರಲಿಲ್ಲ. ತಳ ಕಪ್ಪಗಿತ್ತು. ಆ ಕಪ್ಪಿನ ಮೇಲೆ ಮೇಲಿನ ದೀಪದ ಬೆಳಕು ಅಲುಗುತ್ತಿತ್ತು. ಬೆಳಕು ಅಲುಗುವುದು ನೀರಿನಲ್ಲಿ. ಎಲ್ಲೋ ತಂಪು ನೀರಿನ ಕೊಳವೆ ಸೋರಿ, ಕಾಯಿಸದ ಲ್ಯಾಡಲಿಗೆ ನೀರು ತೊಟ್ಟಿಕ್ಕಿ ನಿಂತಿತ್ತು. ಅದರ ಪಕ್ಕದಲ್ಲಿ ಎರ್ರಿಸ್ವಾಮಿ ಸಲಿಕೆ ಹಿಡಿದು ನಿಂತಿದ್ದ.

"ನಿಲ್ಸ್ರೀ! ಲ್ಯಾಡಲ್‌ದಾಗ ನೀರೈತಿ! ಸಾಯ್ತಾರ ಅವ್ರು, ನಿಲ್ಸ್ರೀ!" ಎಂದು ಎದೆಯೊಡೆಯುವಂತೆ ಕೂಗಿದಳು.

"ಸರ್, ಕೆಲಸ ಬಹಳ ಅಚ್ಚುಕಟ್ಟಾಗಿ ಸಾಗುತ್ತಿದೆ," ಎಂದಿತು ಅವಳ ದನಿ. "ಲ್ಯಾಡಲಿನ ತೇವಾಂಶದ ಬಗ್ಗೆಯೂ ಅನುಕೂಲವಾದಾಗ ಗಮನಹರಿಸಬಹುದೆಂದು ನನ್ನ ನಮ್ರ ಸಲಹೆ."

ದೇಸಾಯಿ ಆಗಲೇ ಕುರ್ಚಿಯಿಂದ ಅರ್ಧ ಎದ್ದು ಪರದೆಯತ್ತ ನೋಡುತ್ತಿದ್ದ. "ಬಹಳ ಒಳ್ಳೆಯ ಗಮನ," ಎಂದಿತು ಅವನ ದನಿ. "ನಿಮ್ಮ ಕಾಳಜಿ ಶ್ಲಾಘನೀಯ. ಪಂಪಾಪತಿಯವರೇ, ನಿಮ್ಮ ಕಾರ್ಯದ ಜೊತೆಗೆ ಈ ಅಂಶವನ್ನೂ ದಯವಿಟ್ಟು ಮನಸ್ಸಿನಲ್ಲಿಡಿ."

"ಇಟ್ಟೀನ್ರೀ," ಎಂದ ಪಂಪಾಪತಿ ಬೇಸರದಿಂದ. ದಿನಕ್ಕೆ ಇಂಥ ಎಷ್ಟೋ ಮಾತುಗಳನ್ನು ಮನಸ್ಸಿನಲ್ಲಿಡುತ್ತಿದ್ದ. ಗುಂಡಿ ಒತ್ತಿದ. ಕುಲುಮೆ ಬಾಗತೊಡಗಿತು.

"ಲೇ ಹುಚ್ಚಾ, ನೀರಲೇ! ನೀರು!"

"ಪಂಪಾಪತಿಯವರೇ, ನೀರಿನ ವಿಷಯದಲ್ಲಿ ನಿಮ್ಮ ಅಭಿಪ್ರಾಯವೂ ಮುಖ್ಯ."

ಹುಲಿಗೆಮ್ಮ ಕುರ್ಚಿಯನ್ನು ಒದ್ದು ಎದ್ದಳು. ಪಂಪಾಪತಿಯನ್ನು ಭುಜದಿಂದ ನೂಕಿ ನೆಲಕ್ಕೆ ಕೆಡವಿ, ತುರ್ತುಗುಂಡಿಯ ಮೇಲೆ ಎರಡೂ ಕೈಯಿಂದ ಅಪ್ಪಳಿಸಿದಳು. ಕುಲುಮೆ ನಿಂತಿತು, ನಡುಗಿತು, ಹಿಂದಕ್ಕೆ ಏಳತೊಡಗಿತು. ಆದರೆ ಮೊದಲ ಧಾರೆ ಆಗಲೇ ಬಿದ್ದಾಗಿತ್ತು. ಕೆಳಗಿನಿಂದ ಒಂದು ಬಿಳಿ ಬೆಳಕು ಎದ್ದಿತು, ಆಮೇಲೆ ಸದ್ದು. ಗಾಜು ಜೇಡರ ಬಲೆಯಂತೆ ಬಿರಿಯಿತು.

ಪೂರ್ತಿ ಸುರಿದಿದ್ದರೆ ಆ ವಿಭಾಗದಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಉಳಿಯದೆ ಹೋದವನು ಒಬ್ಬ.

ಅವಳು ಕಬ್ಬಿಣದ ಮೆಟ್ಟಿಲಿಳಿದು ಓಡಿದಳು. ಹೊಗೆ, ಉಗಿ, ನೆಲದ ಮೇಲೆ ಅಲ್ಲಲ್ಲಿ ಕೆಂಪಗೆ ಆರುತ್ತಿದ್ದ ಉಕ್ಕಿನ ಹನಿಗಳು. ಎರ್ರಿಸ್ವಾಮಿ ಗೋಡೆಯ ಬುಡದಲ್ಲಿ ಬಿದ್ದಿದ್ದ. ಇನ್ನೂ ಕಣ್ಣು ತೆರೆದೇ ಇತ್ತು. ಅವಳು ಅವನ ಹೆಸರು ಹಿಡಿದು ಚೀರಿದಳು.

"ಎರ್ರಿಸ್ವಾಮಿಯವರೇ, ದಯವಿಟ್ಟು ಪ್ರತಿಕ್ರಿಯಿಸಿ," ಎಂದಿತು ಪಟ್ಟಿ, ಹಬ್ಬದ ಶುಭಾಶಯ ಹೇಳುವ ದನಿಯಲ್ಲಿ.

ಆಗ ಹುಲಿಗೆಮ್ಮ ಪಟ್ಟಿಯನ್ನು ಉಗುರಿನಿಂದ ಹಿಡಿದು ಕಿತ್ತಳು. ಅದರ ಜೊತೆ ಚರ್ಮವೂ ಬಂದಿತು. ಮತ್ತೆ ಕೂಗಿದಳು. ಈ ಸಲ ಯಾವ ದನಿಯೂ ಬರಲಿಲ್ಲ, ಬರೀ ಗಾಳಿ. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. ಸ್ಟ್ರೆಚರ್ ಬರುವ ಹೊತ್ತಿಗೆ ನೋಡುವುದನ್ನು ನಿಲ್ಲಿಸಿದ್ದ.

ಮುಂದಿನ ಭಾನುವಾರ ದೇಸಾಯಿ ಅವಳ ಮನೆಗೆ ಬಂದ. ಪಟ್ಟಿ ಕಟ್ಟಿರಲಿಲ್ಲ, ಗದ್ದದ ಕೆಳಗೆ ಬಿಸಿಲು ಕಾಣದ ಬಿಳಿ ಗೆರೆಯೊಂದಿತ್ತು. ಹುಲಿಗೆಮ್ಮನ ಗಂಟಲಿಗೆ ಬ್ಯಾಂಡೇಜು. ಕೊಟ್ರಮ್ಮ ಚಹಾ ತಂದಿಟ್ಟು, ಇಬ್ಬರ ತುಟಿಗಳನ್ನೂ ನೋಡುತ್ತ ಕೂತಳು.

"ಬೆಣ್ಣೆಮುದ್ದಿ ಬಂತು," ಎಂದುಕೊಂಡಳು ಹುಲಿಗೆಮ್ಮ. ಅವನ ಮೇಲಿನ ಅಸಹ್ಯ ಅವಳ ಬಾಯಲ್ಲಿ ಕಹಿಯಾಗಿ ನಿಂತಿತ್ತು. ಒಳ್ಳೆಯ ಗಮನವಂತೆ. ಶ್ಲಾಘನೀಯವಂತೆ.

ದೇಸಾಯಿ ಬಹಳ ಹೊತ್ತು ಕೆಮ್ಮಿದ. ಆಮೇಲೆ ಪಿಸುಗುಟ್ಟಿದ. "ತಂಗೀ, ನೀ ಅವತ್ತು ಖರೇ ಅಂದ್ರ ಏನಂದಿದ್ದಿ?"

ಅವಳು ಒಂದೊಂದೇ ಅಕ್ಷರ ಹಿಂಡಿ ಹೇಳಿದಳು.

ದೇಸಾಯಿ ಕಣ್ಣು ಮುಚ್ಚಿಕೊಂಡ. "ನಾ ನಿನಗಿಂತ ಮೊದ್ಲ ನೋಡಿದ್ದೆ. ನೀ ಬಾಯಿ ತಗಿಯೋಕಿಂತ ಮೊದ್ಲ. ನಾ ಹೊಯ್ಕೊಂಡಿದ್ದು ಏನ್ ಗೊತ್ತೇನು? 'ಪಂಪಣ್ಣಾ, ಕೈ ತಗೀ, ಮುಟ್ಟಬ್ಯಾಡ' ಅಂತ. ನನಗ ಕೇಳಿದ್ದು ನೀ 'ಅನುಕೂಲ ಆದಾಗ' ಅಂದಿದ್ದು. ನಾ ಅನ್ಕೊಂಡೆ, ಈ ಹುಡುಗಿಗೆ ಇದರ ಗಂಭೀರತೆ ತಿಳೀಲಿಲ್ಲ, ಮಂದಬುದ್ಧಿ ಅಂತ."

ಹುಲಿಗೆಮ್ಮನಿಗೆ ನಿಧಾನವಾಗಿ ಹೊಳೆಯಿತು. ಒಂದೇ ಕೋಣೆಯಲ್ಲಿ ಇಬ್ಬರು ಪ್ರಾಣ ಹೋಗುವಂತೆ ಕೂಗಿಕೊಂಡಿದ್ದರು. ಕೋಣೆಗೆ ಕೇಳಿದ್ದು ಇಬ್ಬರು ಸಭ್ಯರ ಹರಟೆ. ನಡುವೆ ಕೂತ ಪಂಪಾಪತಿ, ಇಬ್ಬರೂ ಒಪ್ಪಿದ್ದಾರೆಂದು ತಿಳಿದು ಗುಂಡಿ ಒತ್ತಿದ್ದ.

"ದಿನಾ ಬೆಳಿಗ್ಗೆ ನೀವು ನನಗ ಏನಂತಿದ್ರಿ ಸರ್?"

ದೇಸಾಯಿ ತಲೆ ತಗ್ಗಿಸಿದ. "ಬೆಂಕಿಕಡ್ಡಿ ಅಂತಿದ್ದೆ. 'ಬಂದಳು ನೋಡು ಬೆಂಕಿಕಡ್ಡಿ, ಗೀರಿದ್ರ ಹತ್ತೂದಿಲ್ಲ' ಅಂತ." ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸಿದ. "ಆದ್ರೂ ಒಂದು ಐತಿ. ನಾ ಬರೇ ಮಾತಾಡ್ಕೋತ ಕುಂತೆ. ನೀ ಎದ್ದು ಕೈ ಹಾಕಿದಿ. ಪಟ್ಟಿ ನನ್ನ ಕೈ ಹಿಡಿದಿರಲಿಲ್ಲ. ವಿಚಾರಣೆಯಾಗ ನಾ ಇದನ್ನೆಲ್ಲ ಹೇಳ್ತೀನಿ. ಆಣಿ ಮಾಡಿ ಹೇಳ್ತೀನಿ."

"ಇಬ್ರೂ ಹಾವಿನಂಗ ಬುಸುಗುಡ್ತೀರಿ," ಎಂದಳು ಕೊಟ್ರಮ್ಮ. "ಏನಂತಾನ ಇವ?"

ಹುಲಿಗೆಮ್ಮ ತಾಯಿಯ ಕೈ ಹಿಡಿದು, ತುಟಿಯನ್ನು ಅಗಲವಾಗಿ ಬಿಡಿಸಿ ಹೇಳಿದಳು. ಕೊಟ್ರಮ್ಮ ಪೂರ್ತಿ ಅರ್ಥಮಾಡಿಕೊಂಡು, ದೇಸಾಯಿಯನ್ನೂ ಮಗಳನ್ನೂ ಒಂದೇ ಕಣ್ಣಿನಿಂದ ನೋಡಿ, ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ವಿಚಾರಣೆ ನಡೆದದ್ದು ಕಾರ್ಖಾನೆಯ ಆಡಳಿತ ಕಟ್ಟಡದ ತಂಪು ಸಭಾಂಗಣದಲ್ಲಿ. ಮೇಜಿನ ಆಚೆ ಮೂವರು, ಅವರಲ್ಲಿ ನಿರಂಜನ ಕುಲಗೋಡನೂ ಒಬ್ಬ. ಮೊದಲು ಕೊಠಡಿಯ ಧ್ವನಿಮುದ್ರಣ ಕೇಳಿಸಿದರು. ನಮ್ರ ಸಲಹೆ, ಒಳ್ಳೆಯ ಗಮನ, ನಿಮ್ಮ ಅಭಿಪ್ರಾಯವೂ ಮುಖ್ಯ. ಆಮೇಲೆ ಸ್ಫೋಟ.

"ಕೊನೆಯ ಸದ್ದನ್ನು ಬಿಟ್ಟರೆ ಇದು ಮಾದರಿ ಸಂವಾದ," ಎಂದ ನಿರಂಜನ, ಪಟ್ಟಿಯ ಮೂಲಕ. "ಒತ್ತಡದಲ್ಲೂ ಗೌರವ ಕಳೆದುಕೊಂಡಿಲ್ಲ. ತರಬೇತಿಯಲ್ಲಿ ಬಳಸಬಹುದು. ಕಳವಳದ ಅಂಶ ಒಂದೇ. ಹುಲಿಗೆಮ್ಮನವರು ಸಹೋದ್ಯೋಗಿಯನ್ನು ನೂಕಿದ್ದಾರೆ."

ಹುಲಿಗೆಮ್ಮ ಎದ್ದು ಬಿರುಕು ದನಿಯಲ್ಲಿ ಮಾತಾಡಲು ಹೋದಳು. ನಿರಂಜನ ಕೈಯೆತ್ತಿ ತಡೆದ. ಹೇಳಿಕೆ ಬರೆದುಕೊಳ್ಳುವ ಯಂತ್ರ ಪಟ್ಟಿಯ ಮಾತನ್ನಷ್ಟೇ ಸ್ವೀಕರಿಸುತ್ತದೆ, ಬರಿಗಂಟಲ ಮಾತು ದಾಖಲಾಗುವುದಿಲ್ಲ ಎಂದ. ಹೊಸ ಪಟ್ಟಿಯೊಂದನ್ನು ಅವಳ ಮುಂದೆ ಸರಿಸಿದ.

ಅವಳು ಯೋಚಿಸಿದಳು. ಎಷ್ಟು ನಯವಾಗಿ ತೊಳೆದರೂ ತೊಳೆಯಲಾಗದ ಮಾತು ಒಂದಿದೆಯಲ್ಲ, ಸಾವು. ಅದನ್ನು ಹೇಗೆ ಸಿಹಿ ಮಾಡುತ್ತದೆ ನೋಡೋಣ. ಗಾಯದ ಮೇಲೇ ಪಟ್ಟಿ ಅಂಟಿಸಿಕೊಂಡು, ಸಾವಕಾಶವಾಗಿ, ಸಿಟ್ಟಿಲ್ಲದೆ, "ಎರ್ರಿಸ್ವಾಮಿ ಸತ್ತ," ಎಂದಳು.

"ಎರ್ರಿಸ್ವಾಮಿಯವರು ನಮ್ಮ ತಂಡದಿಂದ ಮುಂದಿನ ಹಂತಕ್ಕೆ ಸಾಗಿದ್ದಾರೆ," ಎಂದಿತು ಪಟ್ಟಿ. ಮೂವರೂ ಗಂಭೀರವಾಗಿ ತಲೆಯಾಡಿಸಿದರು. ಯಂತ್ರ ಅದನ್ನು ಬರೆದುಕೊಂಡಿತು.

ಹುಲಿಗೆಮ್ಮ ಪಟ್ಟಿಯನ್ನು ಬಿಚ್ಚಿ, ನಿರಂಜನನ ಮುಂದಿದ್ದ ಕುಡಿಯುವ ನೀರಿನ ಲೋಟದೊಳಗೆ ಇಳಿಬಿಟ್ಟಳು. ಅದು ಒಂದೆರಡು ಗುಳ್ಳೆ ಬಿಟ್ಟಿತು.

ದೇಸಾಯಿಯ ಸರದಿ ಬಂತು. ಅವನು ಪಟ್ಟಿ ಕಟ್ಟಿಕೊಂಡೇ ಬಂದಿದ್ದ. ಎದ್ದು ನಿಂತ. "ಹುಲಿಗೆಮ್ಮನವರೊಂದಿಗೆ ಕೆಲಸ ಮಾಡಿದ್ದು ನನ್ನ ಭಾಗ್ಯ," ಎಂದಿತು ಅವನ ದನಿ. "ಕಂಪನಿಯ ವ್ಯವಸ್ಥೆಗಳ ಮೇಲೆ ನನಗೆ ಸಂಪೂರ್ಣ ವಿಶ್ವಾಸವಿದೆ. ಈ ಘಟನೆ ನಮಗೆಲ್ಲ ಕಲಿಕೆಯ ಅವಕಾಶ."

ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕತ್ತಿನ ನರಗಳು ಹುರಿಗೊಂಡಿದ್ದವು. ಒಳಗೆ ನಿಜ ಹೇಳುತ್ತಿದ್ದಾನೋ, ಪಟ್ಟಿ ಹೇಳಿದ್ದನ್ನೇ ಹೇಳುತ್ತಿದ್ದಾನೋ ಹುಲಿಗೆಮ್ಮನಿಗೆ ತಿಳಿಯಲಿಲ್ಲ. ಬಿಚ್ಚು, ಬಿಚ್ಚಿ ಹೇಳು ಎಂದು ಕಣ್ಣಿನಲ್ಲೇ ಕೇಳಿದಳು. ಅವನ ಕೈ ಗಂಟಲಿನ ತನಕ ಹೋಗಿ, ಕಾಲರನ್ನು ಸರಿಮಾಡಿಕೊಂಡು ಕೆಳಗೆ ಬಂದಿತು. ನಿರಂಜನನಂಥವರನ್ನು ಹೀಗಳೆಯುವುದು ಸುಲಭವಿತ್ತು. ದೇಸಾಯಿಯ ವಿಷಯದಲ್ಲಿ ಅವಳ ತಿರಸ್ಕಾರಕ್ಕೆ ಕೂರಲು ಜಾಗ ಸಿಗಲಿಲ್ಲ.

ತೀರ್ಪು ಬೇಗ ಬಂತು. ದುರಂತಕ್ಕೆ ಕಾರಣ ಕೆಳಗಿನ ಕಾರ್ಮಿಕನ ಅಜಾಗರೂಕತೆ. ಸಂವಹನ ಉತ್ತಮ. ಹುಲಿಗೆಮ್ಮನಲ್ಲಿ ತಂಡಸ್ಫೂರ್ತಿಯ ಕೊರತೆ; ಸೇವೆಯಿಂದ ಬಿಡುಗಡೆ. ಪಟ್ಟಿ ತಯಾರಿಸಿದ ಕಂಪನಿ ಮಾತ್ರ ದೊಡ್ಡ ಮನಸ್ಸು ಮಾಡಿತು. ಮುಂದಿನ ಮಾದರಿಯಲ್ಲಿ, ಸತತ ಸೌಜನ್ಯದ ಎಚ್ಚರಿಕೆಗಳಿಗೆ ಸ್ಪಂದನೆ ಸಿಗದಿದ್ದಲ್ಲಿ, 'ಅಪಾಯ' ಎಂಬ ಪದವನ್ನು ಮಿತವಾದ ದನಿಯಲ್ಲಿ ಬಳಸಲು ಅವಕಾಶವಿರುವುದೆಂದು ಸಾರಿತು. ಕಾಲೇಜುಗಳು ಹೊಸ ಮಾದರಿಗೆ ಮುಗಿಬಿದ್ದವು.

ಕಾರ್ಖಾನೆಯ ಹಿಂದಿನ ಕೇರಿಯಲ್ಲಿ ಎರ್ರಿಸ್ವಾಮಿಯ ಮನೆ. ಗೋಡೆ, ಮಾಡು, ಬೇವಿನ ಮರ ಎಲ್ಲದರ ಮೇಲೂ ಕೆಂಪು ಅದಿರಿನ ಧೂಳು. ಹುಲಿಗೆಮ್ಮ ಹೋದಾಗ ಅವನ ಹೆಂಡತಿ ಈರಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಬಂದವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಕಂಪನಿಯಾಕಿ ಏನು?"

ಹುಲಿಗೆಮ್ಮ ತಲೆಯಾಡಿಸಿದಳು. "ಇದ್ದೆ. ಈಗಿಲ್ಲ."

"ಒಬ್ಬವ ಬಂದಿದ್ದ, ಕಾಗದ ಹಿಡ್ಕೊಂಡು. ಎಷ್ಟ್ ಚೆಂದ ಮಾತಾಡಿದನಂದ್ರ, ನನ್ ಗಂಡ ಸತ್ತಾನೋ ಪ್ರಮೋಷನ್ ಮ್ಯಾಲ ಹೋಗ್ಯಾನೋ ತಿಳೀಲಿಲ್ಲ. ಕಸಬರಿಗಿ ತಗಂಡು ಓಡ್ಸಿದೆ. ನೀ ಏನ್ ಹೇಳಾಕ ಬಂದಿ?"

"ನಾ ಅವತ್ತು ಮ್ಯಾಲಿದ್ದೆ. ಗಾಜಿನ ಕೋಣ್ಯಾಗ. ಕೂಗಿದೆ."

"ಏನು? ಕೇಳವಲ್ದು."

"ಕೂಗಿದೆ ಅಕ್ಕಾ. ಯಾರಿಗೂ ಕೇಳ್ಲಿಲ್ಲ."

ಈರಮ್ಮ ಮೊರವನ್ನು ಕೆಳಗಿಟ್ಟಳು. "ಯಾಕ ಕೇಳ್ಲಿಲ್ಲ? ನಾ ಇಲ್ಲಿ ಕುಂತು ಮಗನ್ನ ಕರದ್ರ ಟೇಸನ್ ತನಕ ಕೇಳ್ತೈತಿ. ನಾಕ್ ವರ್ಷ ಓದ್ಸಿ, ಬಾಯಿ ಕಟ್ಟಿ ಕಳಿಸಿದ್ರೇನು ನಿಮ್ಮನ್ನ?"

ಹೌದು ಎಂದುಬಿಡಬಹುದಿತ್ತು. ಪ್ರಾಂಶುಪಾಲರು, ನಿರಂಜನ, ಸಮೋಸ ತಿಂದ ತಜ್ಞರು, ಹೊರಿಸಲು ಬೇಕಾದಷ್ಟು ಹೆಗಲುಗಳಿದ್ದವು. ಅವರನ್ನೆಲ್ಲ ಬೈಯುತ್ತಲೇ ಅವಳು ದಾರಿಯುದ್ದಕ್ಕೂ ಬಂದಿದ್ದಳು.

"ಯಾರೂ ಕಟ್ಲಿಲ್ಲ," ಎಂದಳು. "ನಾನಾ ಕಟ್ಟಿಸ್ಕೊಂಡೆ. ನೌಕರಿ ಸಿಗ್ತೈತಿ ಅಂತ. ಆಮ್ಯಾಲೆ ಅದಾ ಆರಾಮ ಅನ್ಸಿತು."

ಈರಮ್ಮ ಪಕ್ಕಕ್ಕೆ ತಿರುಗಿ ಧೂಳಿನಲ್ಲಿ "ಥೂ" ಎಂದು ಉಗುಳಿದಳು.

ಹುಲಿಗೆಮ್ಮ ಅಲುಗಲಿಲ್ಲ. ಎಷ್ಟು ಕಾಲವಾಗಿತ್ತು, ಒಬ್ಬರು ತಮಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಅವಳಿಗೆ ಹೇಳಿ. ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಅಳಬ್ಯಾಡ. ಅಳಾಕ ನಾ ಅದೀನಿ," ಎಂದಳು ಈರಮ್ಮ. ಎದ್ದು ನಿಂತು ಕೇರಿಯ ಎರಡೂ ತುದಿಗೆ ಮುಟ್ಟುವಂತೆ ಕೂಗಿದಳು. ಬಾಗಿಲುಗಳಿಂದ ಹೆಂಗಸರು ಇಣುಕಿದರು. ಪಾಳಿ ಮುಗಿಸಿ ಬಂದಿದ್ದ ಗಂಡಸರು ಹೊರಗೆ ಬಂದು ಬೇವಿನ ಮರದ ಕೆಳಗೆ ಸೇರಿದರು. ಅವರಲ್ಲಿ ಎಷ್ಟೋ ಜನ ಲ್ಯಾಡಲಿನ ಪಕ್ಕದಲ್ಲೇ ಕೆಲಸ ಮಾಡುವವರು.

"ತಪ್ಪು ನನ್ ಗಂಡಂದು ಅಂತ ಕಂಪನಿ ಬರದೈತಿ," ಎಂದಳು ಈರಮ್ಮ ಅವರಿಗೆ. "ಈಕಿ ಮ್ಯಾಲಿಂದ ನೋಡಿದಾಕಿ. ಹೇಳ್ತಾಳ." ಹುಲಿಗೆಮ್ಮನ ಕಡೆ ತಿರುಗಿದಳು. "ಹೇಳು. ಜೋರಾಗಿ."

ಹುಲಿಗೆಮ್ಮ ಬಾಯಿ ತೆರೆದಳು. ಮೊದಲು ಗಾಳಿ ಬಂತು. ಆಮೇಲೆ ತುಕ್ಕು ಹಿಡಿದ ಬಾಗಿಲು ತಳ್ಳಿದಂಥ ಸದ್ದು. ಹಿಂದೆ ನಿಂತವರು ಕೇಳುತ್ತಿಲ್ಲವೆಂದು ಕೈಮಾಡಿದರು. ಅವಳು ಹೊಟ್ಟೆಯನ್ನು ಕೈಯಿಂದ ಒತ್ತಿ ಹಿಡಿದು, ಗಾಯ ಹರಿಯುವಂತೆ ಮತ್ತೆ ಕೂಗಿದಳು.

"ಲ್ಯಾಡಲ್‌ದಾಗ ನೀರಿತ್ತು! ನಮಗ ಇಬ್ರಿಗೂ ಗೊತ್ತಿತ್ತು!"